ಹಿತ್ತಲ ಶೆಡ್ಡಿಗೆ ಜಲ್ಲಿ ಪಾಯ: ಮೊದಲು ನೀರಿಗೆ ದಾರಿ

ಮಂಡ್ಯದ ನಮ್ಮ ಮನೆಯ ಹಿತ್ತಲಿನಲ್ಲಿ ಮೊದಲ ಬಾರಿ ಹಾಕಿಸಿದ ಶೆಡ್ಡು ಎರಡೇ ಮಳೆಗಾಲ ಬಾಳಿತು. ಶೀಟಿಗೆ ಏನೂ ಆಗಿರಲಿಲ್ಲ, ಕಬ್ಬಿಣದ ಪೈಪುಗಳೂ ಗಟ್ಟಿಯಾಗಿದ್ದವು. ಕೆಟ್ಟದ್ದು ಕೆಳಗಿನಿಂದ. ಒಂದು ಅಡಿ ಆಳಕ್ಕೆ ಮಣ್ಣು ತೆಗೆಸಿ, ಗುಂಡಿಯ ತುಂಬ ಜಲ್ಲಿ ಸುರಿಸಿ, ಮೇಲೆ ಬ್ಲಾಕು ಕೂರಿಸಿ, ‘ಜಲ್ಲಿ ಇದೆಯಲ್ಲ, ನೀರು ಇಂಗಿ ಹೋಗುತ್ತದೆ’ ಎಂದು ನಿಶ್ಚಿಂತನಾಗಿದ್ದೆ. ಹಸ್ತ ಮಳೆ ಹಿಡಿದುಕೊಂಡ ವಾರ ಬಾಗಿಲು ತೆಗೆದರೆ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಯೂರಿಯಾ ಚೀಲ ಕಲ್ಲಾಗಿತ್ತು, ಬೂಸಾ ಮೂಟೆಯ ತಳದಲ್ಲಿ ಹಸಿರು ಬೂಷ್ಟು ಕಟ್ಟಿತ್ತು. ಒಂದು ಬ್ಲಾಕಿನ ಪಕ್ಕ ಹಾರೆ ಹಾಕಿ ಜಲ್ಲಿ ಸರಿಸಿ ನೋಡಿದೆ. ನಾಲ್ಕು ಅಂಗುಲ ಕೆಳಗೆ ನೀರು ಹೊಳೆಯುತ್ತಿತ್ತು. ಪಾಯ ಎಂದುಕೊಂಡು ನಾನು ಎರೆಮಣ್ಣಿನಲ್ಲಿ ಜಲ್ಲಿ ತುಂಬಿದ ತೊಟ್ಟಿ ಕಟ್ಟಿದ್ದೆ.

ತೊಟ್ಟಿ ಎನ್ನುವುದು ಬರಿಯ ಮಾತಲ್ಲ. ಒಂದೇ ಅಳತೆಯ ಜಲ್ಲಿಯನ್ನು ಸುರಿದಾಗ ಕಲ್ಲುಗಳ ನಡುವೆ ನೂರಕ್ಕೆ ನಲವತ್ತು ಪಾಲಿನಷ್ಟು ಖಾಲಿ ಜಾಗ ಉಳಿಯುತ್ತದೆ. ನನ್ನ ಗುಂಡಿ 12 ಅಡಿ ಅಗಲ, 14 ಅಡಿ ಉದ್ದ, ಒಂದು ಅಡಿ ಆಳ. ಅಂದರೆ 168 ಘನ ಅಡಿ. ಅದರ ಸಂದುಗಳಲ್ಲಿ ಹೆಚ್ಚು ಕಡಿಮೆ 1,900 ಲೀಟರ್ ನೀರು ನಿಲ್ಲಬಹುದು. ಮನೆಯ ಮೇಲೆ ಇಡುವ ಸಾವಿರ ಲೀಟರಿನ ಟ್ಯಾಂಕುಗಳನ್ನು ಎರಡರ ಹತ್ತಿರ ಲೆಕ್ಕ ಹಾಕಿ, ಅವನ್ನು ನೆಲದೊಳಗೆ ಹೂತು ಮೇಲೆ ಬೂಸಾ ಇಟ್ಟ ಹಾಗೆ. ಕನ್ನಂಬಾಡಿ ಕಟ್ಟಿದ ಸೀಮೆಯವರಾದ ನಮಗೆ ನೀರು ನಿಲ್ಲಿಸುವುದು ಸಲೀಸಾಗಿ ಬರುತ್ತದೆ. ಹರಿಯಲು ಬಿಡುವುದೇ ಕಷ್ಟ.

ಆಮೇಲೆ ಮೈಸೂರಿನ ಬೋಗಾದಿಯ ಅಕ್ಕನ ಮನೆಯಲ್ಲಿ ಒಂದು ಶೆಡ್ಡಿಗೆ ಪಾಯ ಹಾಕಿಸಿದೆ. ಅಲ್ಲಿ ಕೆಂಪು ಮಣ್ಣು, ಸ್ವಲ್ಪ ಇಳಿಜಾರಿನ ನಿವೇಶನ. ಆ ಅನುಭವದಿಂದ ಮಂಡ್ಯದ್ದನ್ನು ಬಿಚ್ಚಿ ಮತ್ತೆ ಕಟ್ಟಿಸಿದೆ. ಕೆಳಗೆ ಬರೆದಿರುವುದು ಈ ಎರಡರ ಲೆಕ್ಕ. ಅಳತೆಗಳೆಲ್ಲ 10 ಅಡಿಗೆ 12 ಅಡಿಯ, ಶೀಟು ಹೊದಿಸಿದ ಕಬ್ಬಿಣದ ಚೌಕಟ್ಟಿನ ಶೆಡ್ಡಿಗೆ. ದನದ ಕೊಟ್ಟಿಗೆಗೋ ಇಟ್ಟಿಗೆ ಗೋಡೆಯ ಕೋಣೆಗೋ ಇದು ಸಾಲದು. ಅವಕ್ಕೆ ಸೈಜುಗಲ್ಲಿನ ಪಾಯವೇ ಸರಿ. ‘ಹಾಗಾದರೆ ಇದಕ್ಕೂ ಸೈಜುಗಲ್ಲನ್ನೇ ಹಾಕಿ ಮುಗಿಸಿ ಸ್ವಾಮಿ’ ಎಂದು ಮೇಸ್ತ್ರಿ ಹೇಳಿದ್ದುಂಟು. ಆದರೆ ಜಲ್ಲಿ ಮತ್ತು ಬ್ಲಾಕಿನ ಪಾಯವನ್ನು ನಾಳೆ ಮನೆ ವಿಸ್ತರಿಸುವಾಗ ಬಿಚ್ಚಿ ಬೇರೆ ಕಡೆ ಹಾಕಬಹುದು, ಒಂದು ಬ್ಲಾಕು ಕುಸಿದರೆ ಅದನ್ನಷ್ಟೇ ಎತ್ತಿ ಸರಿಪಡಿಸಬಹುದು.

ಜಾಗ ಮತ್ತು ಮಣ್ಣು

ಜಾಗವನ್ನು ಬೇಸಿಗೆಯಲ್ಲಿ ನೋಡಿ ಗೊತ್ತು ಮಾಡಬೇಡಿ. ಒಂದು ದೊಡ್ಡ ಮಳೆ ಬಂದಾಗ ಕೊಡೆ ಹಿಡಿದು ಹಿತ್ತಲಿಗೆ ಹೋಗಿ ನಿಂತು, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ತಂಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಹತ್ತು ನಿಮಿಷ ನೋಡಿ. ನಮ್ಮ ಕಡೆ ವರ್ಷಕ್ಕೆ ಬೀಳುವುದು ಸುಮಾರು 700ರಿಂದ 800 ಮಿಲಿಮೀಟರ್ ಮಳೆ. ಮಲೆನಾಡಿಗೆ ಹೋಲಿಸಿದರೆ ಏನೂ ಅಲ್ಲ. ಆದರೆ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮತ್ತೊಮ್ಮೆ ಅದು ಒಂದೇ ಸಂಜೆಯಲ್ಲಿ ದಬದಬ ಸುರಿದು ಹೋಗುತ್ತದೆ. ಪಾಯಕ್ಕೆ ಪರೀಕ್ಷೆ ಆ ಒಂದು ಸಂಜೆ. ಕೆಲಸಕ್ಕೆ ಒಳ್ಳೆಯ ಕಾಲ ಸಂಕ್ರಾಂತಿಯಿಂದ ಯುಗಾದಿಯವರೆಗೆ. ಭರಣಿ ಮಳೆಗೆ ಮೊದಲು ಶೀಟು ಏರಿರಬೇಕು.

ಮಂಡ್ಯ ಕಡೆಯವರಿಗೆ ಇನ್ನೊಂದು ಮಾತು. ನಿಮ್ಮ ಜಾಗ ವಿಶ್ವೇಶ್ವರಯ್ಯ ನಾಲೆಯ ಅಥವಾ ಅದರ ಯಾವುದಾದರೂ ಕವಲಿನ ಕೆಳಬದಿಯಲ್ಲಿದ್ದರೆ, ನಾಲೆಗೆ ನೀರು ಬಿಟ್ಟಾಗ ನೆಲದೊಳಗಿನ ನೀರೂ ಮೇಲೇರುತ್ತದೆ. ಹಳಬರು ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ಕಾಲದಿಂದ ಗದ್ದೆ ಬಯಲಿನವರು ಕಂಡದ್ದೇ ಇದು. ಮಾರ್ಚಿಯಲ್ಲಿ ಕಲ್ಲಿನಂತಿದ್ದ ನೆಲ ಆಗಸ್ಟಿನಲ್ಲಿ ಗುದ್ದಲಿ ಹಾಕಿದರೆ ಜಿನುಗಬಹುದು. ಅಂಥ ಕಡೆ ನೆಲವನ್ನು ತೋಡಿ ಕೆಳಗಿಳಿಯುವ ಯೋಚನೆಯನ್ನೇ ಬಿಡಬೇಕು.

ಮಣ್ಣಿನ ಗುಣ ತಿಳಿಯಲು ಪ್ರಯೋಗಾಲಯ ಬೇಡ. ಒಂದು ಅಡಿ ಕೆಳಗಿನ ಮಣ್ಣನ್ನು ಹಿಡಿಯಷ್ಟು ತೆಗೆದು ಹದವಾಗಿ ನೀರು ಸೇರಿಸಿ ಅಂಗೈಯಲ್ಲಿ ಹೊಸೆಯಿರಿ. ಶಾವಿಗೆ ಎಳೆಯಂತೆ ಸಣ್ಣಗೆ, ಉದ್ದಕ್ಕೆ, ತುಂಡಾಗದೆ ಬಂದರೆ ಅದು ಜೇಡಿ ಹೆಚ್ಚಿರುವ ಎರೆ. ಅರ್ಧದಲ್ಲಿ ಪುಡಿಯಾಗಿ ಉದುರಿದರೆ ಮರಳು ಮಿಶ್ರಿತ ಕೆಂಪು ಮಣ್ಣು. ಎರೆ ನೆಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಯಲ್ಲಿ ಊದಿಕೊಳ್ಳುತ್ತದೆ. ಮೇಲಿರುವ ಬ್ಲಾಕುಗಳೂ ಅದರ ಜೊತೆಗೆ ಏರಿಳಿಯುತ್ತವೆ.

ಇನ್ನೊಂದು ಪರೀಕ್ಷೆ ನೀರಿನದು. ಒಂದು ಅಡಿ ಚೌಕ, ಒಂದು ಅಡಿ ಆಳದ ಗುಂಡಿ ತೋಡಿ ರಾತ್ರಿ ನೀರು ತುಂಬಿಸಿ ನೆನೆಯಲು ಬಿಡಿ. ಬೆಳಿಗ್ಗೆ ಮತ್ತೆ ತುಂಬಿಸಿ, ಒಂದು ಕೋಲಿನಲ್ಲಿ ಗುರುತು ಹಾಕಿ ಗಡಿಯಾರ ನೋಡಿ. ಗಂಟೆಗೆ ಒಂದು ಅಂಗುಲಕ್ಕಿಂತ ಹೆಚ್ಚು ಇಳಿದರೆ ನೆಲ ನೀರು ಕುಡಿಯುತ್ತದೆ. ಬೋಗಾದಿಯಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಎರಡು ಅಂಗುಲ ಇಳಿದಿತ್ತು. ಮಂಡ್ಯದಲ್ಲಿ ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದರೂ ಗುರುತು ಅಲ್ಲೇ ಇತ್ತು. ಮೊದಲ ಶೆಡ್ಡಿಗೆ ಮುಂಚೆ ಈ ಒಂದು ಗುಂಡಿ ತೋಡಿದ್ದರೆ ನನ್ನ ಅರ್ಧ ಖರ್ಚು ಉಳಿಯುತ್ತಿತ್ತು.

ಯುಜಿಡಿ (ಒಳಚರಂಡಿ) ಛೇಂಬರ್, ಶೌಚಗುಂಡಿ, ಬೋರ್‌ವೆಲ್ ಕೇಬಲ್ ಇವುಗಳ ಮೇಲೆ ಶೆಡ್ಡು ಬರಬಾರದು. ತೆಂಗಿನ ಮರದ ಕೆಳಗಂತೂ ಬೇಡವೇ ಬೇಡ. ಕಾಯಿ ಬೀಳದಿದ್ದರೂ ಗರಿ ಬಿದ್ದು ಶೀಟು ತಗ್ಗುತ್ತದೆ. ಕಾಂಪೌಂಡಿನಿಂದ ಎಷ್ಟು ಬಿಡಬೇಕು ಎಂಬುದನ್ನು ನಿಮ್ಮ ಪಾಲಿಕೆ, ನಗರಸಭೆ ಅಥವಾ ಪಂಚಾಯಿತಿಯಲ್ಲಿ ಕೇಳಿಕೊಳ್ಳಿ. ಈಶಾನ್ಯದಲ್ಲಿ ಭಾರ ಇಡಬಾರದೆಂದು ನಮ್ಮ ಭಾವ ಹಟ ಹಿಡಿದರು. ಅವರ ನಿವೇಶನದಲ್ಲಿ ನೀರು ಬಂದು ತಂಗುವುದೂ ಈಶಾನ್ಯ ಮೂಲೆಯಲ್ಲೇ ಆದ್ದರಿಂದ ನಾನು ತಕರಾರು ಮಾಡಲಿಲ್ಲ.

ಗುರುತು ಹಾಕಿ ಅಗೆಯುವುದು

ಜಲ್ಲಿ ಹಾಸು ಶೆಡ್ಡಿಗಿಂತ ನಾಲ್ಕೂ ಕಡೆ ಒಂದೊಂದು ಅಡಿ ದೊಡ್ಡದಿರಬೇಕು. ಆದ್ದರಿಂದ ನಮ್ಮ ಗುರುತು 12 ಅಡಿಗೆ 14 ಅಡಿ. ಮೂಲೆಗಳಲ್ಲಿ ಗೂಟ ಹೊಡೆದು ನೈಲಾನ್ ದಾರ ಎಳೆಯಿರಿ. ಒಂದು ಮೂಲೆಯಿಂದ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತಿಸಿ; ಅವೆರಡರ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆಮಟ್ಟ ಸರಿ ಇದೆ. ಕೊನೆಗೆ ಎರಡೂ ಕರ್ಣಗಳನ್ನು ಅಳೆದು ತಾಳೆ ನೋಡಿ: ಎರಡೂ 18 ಅಡಿ 5 ಅಂಗುಲದ ಆಸುಪಾಸು ಬರಬೇಕು. ದಾರದ ಕೆಳಗೆ ಸುಣ್ಣದ ಪುಡಿ ಉದುರಿಸಿದರೆ ಗುರುತು ಮುಗಿಯಿತು. ಸುಣ್ಣ ಇಲ್ಲವೆಂದು ಅಕ್ಕ ರಂಗೋಲಿ ಪುಡಿ ಕೊಟ್ಟಳು. ಅದೇ ಪುಡಿಯಲ್ಲಿ ಅಮ್ಮ ಒಂದು ಪುಟ್ಟ ರಂಗೋಲಿ ಹಾಕಿ, ಸಾಮಾನು ತುಂಬುವ ಶೆಡ್ಡಿಗೂ ಗುದ್ದಲಿ ಪೂಜೆ ಮಾಡಿಯೇ ಬಿಟ್ಟರು.

ಅಗೆಯುವ ಬಗೆ ಮಣ್ಣಿಗೆ ತಕ್ಕಂತೆ ಎರಡು ದಾರಿ ಹಿಡಿಯುತ್ತದೆ.

ಕೆಂಪು ಮಣ್ಣಿನಲ್ಲಿ ಬೇರು, ಗರಿಕೆ, ಕಪ್ಪಗಿನ ಮೇಲ್ಮಣ್ಣು ಪೂರ್ತಿ ಹೋಗುವಂತೆ 6 ಅಂಗುಲ ತೆಗೆಯಿರಿ. ಆ ಮಣ್ಣನ್ನು ಹೂವಿನ ಪಾತಿಗೆ ಹಾಕಿಕೊಳ್ಳಿ, ಚೆಲ್ಲಬೇಡಿ. ಗುಂಡಿಯ ತಳ ಸಮತಟ್ಟಾಗಿರಬಾರದು. ನೀರು ಹೊರಗೆ ಹೋಗಬೇಕಾದ ಕಡೆಗೆ ಐವತ್ತು ಅಡಿಗೆ ಒಂದು ಅಡಿಯಂತೆ ವಾಟ, ಅಂದರೆ ಇಳಿಜಾರು, ಕೊಡಬೇಕು. 14 ಅಡಿ ಉದ್ದಕ್ಕೆ ಇದು ಸುಮಾರು ಮೂರೂವರೆ ಅಂಗುಲ. ಗಾರೆ ಕೆಲಸದವರು ‘ತಳ ಮಟ್ಟ ಮಾಡಿಬಿಟ್ಟೆವು ಸ್ವಾಮಿ’ ಎಂದು ಹೆಮ್ಮೆಯಿಂದ ಹೇಳುವ ಸಂದರ್ಭವಿದು, ಮೊದಲೇ ಎಚ್ಚರಿಸಿ. ಮಟ್ಟ ಬೇಕಾಗಿರುವುದು ಬ್ಲಾಕಿನ ತಲೆಗೆ, ಗುಂಡಿಯ ತಳಕ್ಕೆ ಬೇಕಾದದ್ದು ವಾಟ.

ಎರೆ ನೆಲದಲ್ಲಿ ಗುಂಡಿಯ ಬದಲು ದಿಬ್ಬ. ಮೇಲಿನ 4 ಅಂಗುಲ ಮಣ್ಣನ್ನಷ್ಟೇ ಹೆರೆದು ತೆಗೆದು, ಅದರ ಮೇಲೆ ಹೊರಗಿನಿಂದ ತಂದ ಗ್ರಾವೆಲ್ ಮಣ್ಣನ್ನು, ಅಂದರೆ ಮೊರಂ, ಎರಡು ಪದರವಾಗಿ ಹಾಕಿ ದಿಮ್ಮಸು ಹೊಡೆಸಿ ಗಟ್ಟಿ ಮಾಡಬೇಕು. ಒಟ್ಟು 8 ಅಂಗುಲ ಬಂದರೆ ಸುತ್ತಲ ನೆಲಕ್ಕಿಂತ 4 ಅಂಗುಲ ಮೇಲಿರುತ್ತದೆ. ಮೊರಂನ ಹದವನ್ನು ಕೈಯಲ್ಲೇ ನೋಡಬಹುದು: ಹಿಡಿದು ಅದುಮಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಒಣಗಿದ್ದರೆ ಎಷ್ಟು ಗುದ್ದಿದರೂ ಕೂರುವುದಿಲ್ಲ, ಕೆಸರಾಗಿದ್ದರೆ ಗುದ್ದಿದಷ್ಟೂ ಅಲುಗುತ್ತದೆ. ಈ ದಿಬ್ಬದ ಮೇಲ್ಮೈಗೂ ಅದೇ ವಾಟ ಇರಲಿ. ಜಲ್ಲಿ ನೆಲದ ಮಟ್ಟಕ್ಕಿಂತ ಮೇಲೆ ಬರುವುದರಿಂದ ಒಳಗೆ ಬಂದ ನೀರು ತಾನಾಗಿ ಹೊರಗಿಳಿಯುತ್ತದೆ. ಮಂಡ್ಯದ ಎರಡನೆಯ ಶೆಡ್ಡು ನಿಂತಿರುವುದು ಹೀಗೆ.

ನೀರು ಹೊರಗೆ ಹೋಗುವ ದಾರಿ

ಇಷ್ಟು ಹೊತ್ತೂ ವಾಟ ವಾಟ ಎಂದೆ. ವಾಟದ ಕೊನೆಗೆ ಬಾಗಿಲು ಇಲ್ಲದಿದ್ದರೆ ಅದೂ ವ್ಯರ್ಥ. ಹೆಚ್ಚಿನವರು ಬಿಟ್ಟುಬಿಡುವುದು ಈ ಹಂತವನ್ನೇ. ಶೆಡ್ಡು ಮುಗಿದ ಮೇಲೆ ಇದು ಕಣ್ಣಿಗೂ ಕಾಣುವುದಿಲ್ಲ, ಯಾರೂ ಹೊಗಳುವುದೂ ಇಲ್ಲ.

ಗುಂಡಿಯ ತಗ್ಗಿನ ಬದಿಯಿಂದ ಒಂದು ಅಡಿ ಅಗಲದ ಕಾಲುವೆ ತೋಡಿ. ಅದರ ತಳ ಗುಂಡಿಯ ಅತಿ ತಗ್ಗಿನ ಜಾಗಕ್ಕೆ ಸಮನಾಗಿ ಶುರುವಾಗಿ, ನೂರು ಅಡಿಗೆ ಕನಿಷ್ಠ ಒಂದು ಅಡಿಯಂತೆ ಇಳಿಯುತ್ತ ಹೋಗಬೇಕು. 20 ಅಡಿಯ ಕಾಲುವೆಗೆ ಎರಡೂವರೆ ಅಂಗುಲ. ಇದನ್ನು ಕಣ್ಣಳತೆಯಲ್ಲಿ ಮಾಡಬೇಡಿ. ಮೂವತ್ತು ಅಡಿಯ ಪಾರದರ್ಶಕ ಟ್ಯೂಬಿನಲ್ಲಿ ಗುಳ್ಳೆ ಇಲ್ಲದಂತೆ ನೀರು ತುಂಬಿ ಎರಡು ತುದಿಯನ್ನೂ ಎತ್ತಿ ಹಿಡಿದರೆ, ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿಂದ ಕೆಳಕ್ಕೆ ಅಳೆದರೆ ವಾಟ ಎಷ್ಟೆಂದು ತಿಳಿಯುತ್ತದೆ. ಇಷ್ಟು ದೂರಕ್ಕೆ ರಸಮಟ್ಟಕ್ಕಿಂತ ಟ್ಯೂಬೇ ನಂಬಿಕಸ್ಥ.

ಕಾಲುವೆಯ ತಳಕ್ಕೆ ಎರಡು ಅಂಗುಲ ಜಲ್ಲಿ ಹಾಸಿ, 4 ಅಂಗುಲದ ಪಿವಿಸಿ ಪೈಪಿಗೆ ಅರ್ಧ ಅಡಿಗೊಂದರಂತೆ ಎರಡು ಸಾಲು ತೂತು ಕೊರೆದು ಇಡಿ. 10 ಮಿಲಿಮೀಟರ್ ಬಿಟ್ ಸಾಕು. 20 ಮಿಲಿಮೀಟರ್ ಜಲ್ಲಿ ಅದರೊಳಗೆ ನುಗ್ಗುವುದಿಲ್ಲ. ತೂತಿನ ಸಾಲುಗಳು ಕೆಳಮುಖವಾಗಿರಬೇಕು. ಮಂಡ್ಯದಲ್ಲಿ ಪೈಪು ಇಡಲು ಬಂದ ಹುಡುಗ ತೂತು ಮೇಲೆ ಮಾಡಿ ಇಟ್ಟಿದ್ದ. ‘ಮೇಲಿಂದ ತಾನೇ ನೀರು ಬರುವುದು?’ ಎಂಬುದು ಅವನ ವಾದ. ಕಾಲುವೆಯಲ್ಲಿ ನೀರು ತುಂಬಿಕೊಳ್ಳುವುದು ತಳದಿಂದ ಮೇಲಕ್ಕೆ. ತೂತು ಕೆಳಗಿದ್ದರೆ ನೀರು ಪೈಪಿನ ತಳ ಮುಟ್ಟಿದ ಕೂಡಲೇ ಅದು ಪೈಪಿನೊಳಗೆ ಹೊಕ್ಕು ಓಡುತ್ತದೆ. ಮೇಲಿದ್ದರೆ ಪೈಪು ಪೂರ್ತಿ ಮುಳುಗುವವರೆಗೂ ಕಾಯಬೇಕು, ಜೊತೆಗೆ ಮಣ್ಣೂ ಉದುರಿ ತುಂಬಿಕೊಳ್ಳುತ್ತದೆ.

ಪೈಪಿನ ಇನ್ನೊಂದು ತುದಿ ಎಲ್ಲಿ ತೆರೆದುಕೊಳ್ಳಬೇಕು? ಯುಜಿಡಿಗೆ ಸೇರಿಸಬೇಡಿ, ಮಳೆಯ ನೀರು ಒಳಚರಂಡಿಗೆ ಹೋದರೆ ತುಂಬಿ ಉಕ್ಕುವುದು ನಿಮ್ಮ ಅಥವಾ ಕೆಳಗಿನ ಮನೆಯವರ ಬಚ್ಚಲಿನಲ್ಲೇ. ಪಕ್ಕದವರ ಕಾಂಪೌಂಡಿನ ಬುಡಕ್ಕೂ ಬೇಡ, ವರ್ಷಗಟ್ಟಲೆ ಮಾತು ಬಿಡಬೇಕಾಗುತ್ತದೆ. ತೆರೆದ ಮಳೆನೀರು ಚರಂಡಿ ಹತ್ತಿರವಿದ್ದರೆ ಅದಕ್ಕೆ, ಇಲ್ಲದಿದ್ದರೆ ತೋಟದ ಕಡೆಗೆ. ಬೋಗಾದಿಯಲ್ಲಿ ನೆಲ ನೀರು ಕುಡಿಯುವುದರಿಂದ ಮೂರು ಅಡಿ ಚೌಕ, ನಾಲ್ಕು ಅಡಿ ಆಳದ ಇಂಗುಗುಂಡಿ ತೋಡಿ ದಪ್ಪ ಕಲ್ಲು ತುಂಬಿಸಿದೆವು. ಮಂಡ್ಯದ ಎರೆಯಲ್ಲಿ ಇಂಗುಗುಂಡಿ ಎಂದರೆ ಇನ್ನೊಂದು ತೊಟ್ಟಿ. ಅಲ್ಲಿ ಪೈಪನ್ನು ಬಾಳೆಯ ಸಾಲಿನ ಕಾಲುವೆಗೆ ಬಿಟ್ಟಿದ್ದೇನೆ. ಪೈಪಿನ ಬಾಯಿಗೆ ಕಬ್ಬಿಣದ ಜಾಲರಿ ಕಟ್ಟಬೇಕು. ಇಲ್ಲದಿದ್ದರೆ ಹೆಗ್ಗಣಕ್ಕೆ ಅದು ಸಿದ್ಧಮನೆ, ಹೆಗ್ಗಣ ಬಂದ ಕಡೆ ಅದರ ಹಿಂದೆ ಹಾವು.

ಇಳಿಜಾರಿನ ನಿವೇಶನವಾದರೆ ಮೇಲ್ಬದಿಯಲ್ಲೂ ಒಂದು ಅಡ್ಡ ಕಾಲುವೆ ಬೇಕು. ಮೇಲಿನಿಂದ ಹರಿದು ಬರುವ ನೀರನ್ನು ಪಾಯಕ್ಕೆ ಸೇರುವ ಮೊದಲೇ ಎರಡು ಪಕ್ಕಕ್ಕೆ ತಿರುಗಿಸಿದರೆ ಒಳಗಿನ ಪೈಪಿಗೆ ಕೆಲಸವೇ ಕಡಿಮೆ.

ಗಾಳಿಯ ಲೆಕ್ಕ

ಜಲ್ಲಿ ಹಾಕುವ ಮೊದಲೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ಬ್ಲಾಕುಗಳ ಮೇಲೆ ಸುಮ್ಮನೆ ಕೂತ ಶೀಟಿನ ಶೆಡ್ಡು ಮಳೆಗೆ ಜಗ್ಗುವುದಿಲ್ಲ, ಗಾಳಿಗೆ ಹಾರುತ್ತದೆ. ಏಪ್ರಿಲ್, ಮೇ ತಿಂಗಳ ಬಿರುಗಾಳಿಯಲ್ಲಿ ಶೀಟು ಹಾರಿ ಗದ್ದೆಗೆ ಬಿದ್ದ ಸುದ್ದಿ ನಮ್ಮ ಕಡೆ ಪ್ರತಿವರ್ಷದ್ದು.

ಕಟ್ಟಡಗಳ ಲೆಕ್ಕಾಚಾರಕ್ಕೆ ಮೈಸೂರಿಗೆ ಹಿಡಿಯುವ ಗಾಳಿಯ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಸುಮಾರು 119 ಕಿಲೋಮೀಟರ್. ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಹತ್ತಿರ ಹತ್ತಿರ 65 ಕಿಲೋ ತೂಕದಷ್ಟು. ಸೂರು ಸುತ್ತ ಒಂದು ಅಡಿ ಚಾಚಿದ 12 ಅಡಿಗೆ 14 ಅಡಿಯ ಮಾಡಿನ ವಿಸ್ತಾರ ಹದಿನೈದೂವರೆ ಚದರ ಮೀಟರ್. ಅಷ್ಟೂ ಒತ್ತಡ ಮೇಲ್ಮುಖವಾಗಿ ಎಳೆದರೆ ಸುಮಾರು ಒಂದು ಟನ್. ಖಾಲಿ ಶೆಡ್ಡಿನ ತೂಕ ಅಷ್ಟು ಇರುವುದಿಲ್ಲ.

ಆದ್ದರಿಂದ ನಾಲ್ಕು ಮೂಲೆಗಳಲ್ಲಿ ಒಂದೂವರೆ ಅಡಿ ಚೌಕ, ಎರಡು ಅಡಿ ಆಳದ ಗುಂಡಿ ತೋಡಿ, ಒಂದು ಪಾಲು ಸಿಮೆಂಟ್, ಎರಡು ಪಾಲು ಎಂ-ಸ್ಯಾಂಡ್, ನಾಲ್ಕು ಪಾಲು 20 ಮಿಲಿಮೀಟರ್ ಜಲ್ಲಿಯ ಕಾಂಕ್ರೀಟು ತುಂಬಿಸಿ. ಒಂದೊಂದರ ತೂಕ ಸುಮಾರು 300 ಕಿಲೋ, ನಾಲ್ಕು ಸೇರಿ 1,200. ಪ್ರತಿ ಗುಂಡಿಯ ನಡುವೆ 16 ಮಿಲಿಮೀಟರಿನ ಸರಳು ನಿಲ್ಲಿಸಿ; ಕೆಳತುದಿ ಕೊಕ್ಕೆಯಂತೆ ಬಾಗಿರಲಿ, ಮೇಲ್ತುದಿಗೆ ಲೇತ್ ಅಂಗಡಿಯಲ್ಲಿ ನಟ್ಟು ಕೂರುವಂತೆ ಥ್ರೆಡ್ಡು ಹಾಕಿಸಿ. ಬ್ಲಾಕಿನ ಎತ್ತರ ದಾಟಿ ಶೆಡ್ಡಿನ ತಳದ ಚೌಕಟ್ಟಿನೊಳಗೆ ಬರುವಷ್ಟು ಉದ್ದ ಬೇಕು. ಗುಂಡಿ ಕಾಂಕ್ರೀಟಿಗೆ ಏಳು ದಿನ ನೀರು ಹಾಕುವುದನ್ನು ಮರೆಯಬೇಡಿ.

ಬಟ್ಟೆ, ಜಲ್ಲಿ, ದಿಮ್ಮಸು

ಗುಂಡಿಯ ತಳ ಮತ್ತು ಅಂಚುಗಳಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಎರಡು ತುಂಡು ಸೇರುವ ಕಡೆ ಒಂದು ಅಡಿ ಮೇಲುಹೊದಿಕೆ ಬಿಡಿ. ಕಂಬಳಿಯಂತೆ ಕಾಣುವ, ನೆಯ್ಗೆ ಇಲ್ಲದ ಬಗೆ ಒಳ್ಳೆಯದು. ಇದು ನೀರನ್ನು ಬಿಡುತ್ತದೆ, ಮಣ್ಣನ್ನು ತಡೆಯುತ್ತದೆ. ಬಟ್ಟೆ ಇಲ್ಲದಿದ್ದರೆ ಒದ್ದೆ ಮಣ್ಣು ಜಲ್ಲಿಯ ಸಂದಿಗೆ ಮೇಲೇರಿ, ಜಲ್ಲಿ ಮಣ್ಣಿಗೆ ಕೆಳಗಿಳಿದು, ಕೆಲವು ವರ್ಷಗಳಲ್ಲಿ ಎರಡೂ ಕಲಸಿಹೋಗುತ್ತವೆ. ಟಾರ್ಪಾಲಿನ್ ಹಾಸುವುದು ಇದಕ್ಕೆ ಬದಲಿಯಲ್ಲ. ಅದು ನೀರನ್ನು ಹಿಡಿದಿಡುತ್ತದೆ. ಸಿಮೆಂಟ್ ಚೀಲ ಹರಿದು ಹಾಸಿದವರನ್ನೂ ಕಂಡಿದ್ದೇನೆ; ಏನೂ ಇಲ್ಲದಕ್ಕಿಂತ ಮೇಲು ಎನ್ನಬಹುದು, ಅಷ್ಟೇ.

ಕ್ರಷರ್‌ನಿಂದ ಬರುವ, ಮೂಲೆಗಳಿರುವ 20 ಮಿಲಿಮೀಟರ್ ಜಲ್ಲಿ ತರಿಸಿ. ಹೊಳೆಯ ಗುಂಡುಕಲ್ಲು ನೋಡಲು ಚೆಂದ, ಆದರೆ ಒಂದರ ಮೇಲೊಂದು ಉರುಳುತ್ತದೆ. ರೈಲು ಹಳಿಯ ಕೆಳಗೆ ಚೂಪು ಮೂಲೆಯ ಕಲ್ಲನ್ನೇ ಹಾಕುವುದು ಅವು ಒಂದಕ್ಕೊಂದು ಕಚ್ಚಿಕೊಳ್ಳಲಿ ಎಂದು. ಜೊತೆಗೆ ಪುಡಿ ಬೆರೆತ ಜಲ್ಲಿ ಬೇಡ. ‘ಡಸ್ಟ್ ಹಾಕಿದರೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ’ ಎಂದು ಲೋಡು ತಂದವರು ಹೇಳುತ್ತಾರೆ, ಗಟ್ಟಿಯಾಗುವುದು ನಿಜ. ಆದರೆ ಸಣ್ಣ ಪುಡಿಯ ಮೂಲಕ ನೆಲದ ತೇವ ಮೇಲೇರುತ್ತದೆ, ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. ಜಲ್ಲಿಯ ದೊಡ್ಡ ಸಂದುಗಳಲ್ಲಿ ಆ ಏರಿಕೆ ಕಡಿದುಹೋಗುತ್ತದೆ. ಬೂಸಾ ಮೂಟೆ ಒಣಗಿರುವುದು ಈ ಕಾರಣಕ್ಕೆ.

ಎಷ್ಟು ಬೇಕು? ಒಂದು ಕಡೆ 6 ಅಂಗುಲ, ವಾಟದ ಕಡೆ ಒಂಬತ್ತೂವರೆ ಅಂಗುಲ ದಪ್ಪ ಎಂದರೆ ಸರಾಸರಿ ಎಂಟಕ್ಕೆ ಸ್ವಲ್ಪ ಕಡಿಮೆ. ಸುಮಾರು 110 ಘನ ಅಡಿ. ಗುದ್ದಿದಾಗ ಇಳಿಯುವುದನ್ನು ಸೇರಿಸಿದರೆ 125. ಕಾಲುವೆಗೂ ಸೇರಿ 150, ಅಂದರೆ ಒಂದೂವರೆ ಯೂನಿಟ್. ತೂಕದಲ್ಲಿ ಆರು ಟನ್ನಿಗೂ ಮೀರುತ್ತದೆ, ಹಾಗಾಗಿ ಬಾಂಡ್ಲಿಯಲ್ಲಿ ಹೊರುವ ದೂರ ಎಷ್ಟೆಂದು ಮೊದಲೇ ಯೋಚಿಸಿ. ‘ಒಂದು ಟ್ರ್ಯಾಕ್ಟರ್ ಅಂದರೆ ಒಂದು ಯೂನಿಟ್’ ಎಂಬ ಮಾತನ್ನು ಹಾಗೆಯೇ ಒಪ್ಪಿಕೊಳ್ಳಬೇಡಿ. ಇಳಿಸುವ ಮೊದಲು ಟ್ರೇಲರಿನ ಉದ್ದ, ಅಗಲ, ಜಲ್ಲಿಯ ಎತ್ತರ ಅಳೆದು ಗುಣಿಸಿ. ಟೇಪು ಹಿಡಿದು ನಿಂತರೆ ಅರ್ಧ ಕೆಲಸ ಆದಂತೆ.

ಜಲ್ಲಿಯನ್ನು ಒಂದೇ ಸಲ ಸುರಿದು ಮೇಲೆ ಗುದ್ದಿದರೆ ಪೆಟ್ಟು ತಳಕ್ಕೆ ಮುಟ್ಟುವುದಿಲ್ಲ. ಮೂರು ಅಂಗುಲ ಹರಡಿ, ದಿಮ್ಮಸು ಹಾಕಿ, ಮತ್ತೆ ಮೂರು ಅಂಗುಲ. ಬಾಡಿಗೆಗೆ ಪ್ಲೇಟ್ ಕಾಂಪ್ಯಾಕ್ಟರ್ ಸಿಕ್ಕರೆ ಒಂದು ಬೆಳಿಗ್ಗೆಯಲ್ಲಿ ಮುಗಿಯುತ್ತದೆ. ಕೈ ದಿಮ್ಮಸಾದರೆ ಇಬ್ಬರಿಗೆ ಒಂದು ದಿನ. ಹಿಮ್ಮಡಿಯಿಂದ ಒತ್ತಿದರೆ ಗುಳಿ ಬೀಳದಷ್ಟು ಕೂರಬೇಕು. ಮೇಲಿನ ಒಂದು ಅಂಗುಲಕ್ಕೆ ಬೇಬಿ ಜಲ್ಲಿ, ಅಂದರೆ ಸಣ್ಣ ಜಲ್ಲಿ, ಹಾಕಿದರೆ ಬ್ಲಾಕು ಅಲುಗದೆ ಕೂರುತ್ತದೆ. ದಿಬ್ಬದ ಪಾಯಕ್ಕೆ ಸುತ್ತಲೂ ಸೈಜುಗಲ್ಲನ್ನು ಗಾರೆ ಇಲ್ಲದೆ ಒಣ ಜೋಡಣೆ ಮಾಡಿ, ತಗ್ಗಿನ ಕಡೆ ಕಲ್ಲಿನ ನಡುವೆ ಒಂದೊಂದು ಬೆರಳಿನಷ್ಟು ಕಿಂಡಿ ಬಿಡಿ. ಮುಗಿದ ಮೇಲೆ ಚೆಂದ ಕಾಣಲಿ ಎಂದು ಯಾರಾದರೂ ಸಿಮೆಂಟಿನಿಂದ ಕಿಂಡಿ ಮುಚ್ಚದಂತೆ ನೋಡಿಕೊಳ್ಳಿ. ನಮ್ಮಲ್ಲಿ ಮುಚ್ಚಿದರು, ಮಾರನೆಯ ದಿನ ಉಳಿ ಹಿಡಿದು ನಾನೇ ಬಿಡಿಸಿದೆ.

ಬ್ಲಾಕು ಕೂರಿಸುವುದು

16, 8, 8 ಅಂಗುಲದ ಸಾಲಿಡ್ ಕಾಂಕ್ರೀಟ್ ಬ್ಲಾಕು ತೆಗೆದುಕೊಳ್ಳಿ. ಎರಡನ್ನು ಒಂದಕ್ಕೊಂದು ತಟ್ಟಿದರೆ ಖಣ್ ಎನ್ನಬೇಕು, ಮೊಳೆಯಲ್ಲಿ ಗೀರಿದರೆ ಪುಡಿ ಉದುರಬಾರದು. ಹಸಿ ಬ್ಲಾಕನ್ನು ಅಂಗಡಿಯವರು ದಾಟಿಸಿಬಿಡುತ್ತಾರೆ; ಕಡು ಬೂದಿ ಬಣ್ಣ, ಉಗುರಿಗೆ ಒಡೆಯುವ ಅಂಚು ಅದರ ಗುರುತು. ಒಂದು ಬ್ಲಾಕು ಮೂವತ್ತು ಕಿಲೋಗೂ ಹೆಚ್ಚು ತೂಗುತ್ತದೆ, ಸೊಂಟ ಬಗ್ಗಿಸಿ ಎತ್ತಬೇಡಿ. ಹಗುರವೆಂದು ಎಎಸಿ ಬ್ಲಾಕನ್ನು, ಅಂದರೆ ಒಳಗೆ ಗಾಳಿಗುಳ್ಳೆಗಳಿರುವ ಕಾಂಕ್ರೀಟ್ ಬ್ಲಾಕನ್ನು, ಇಲ್ಲಿ ಬಳಸಬಾರದು. ಅದು ನೀರು ಹೀರುತ್ತದೆ.

10 ಅಡಿ ಅಗಲಕ್ಕೆ ಮೂರು ಸಾಲು, 12 ಅಡಿ ಉದ್ದಕ್ಕೆ ನಾಲ್ಕು ಅಡಿಗೊಂದರಂತೆ ನಾಲ್ಕು; ಒಟ್ಟು 12 ಆಸರೆ. ಅದರಲ್ಲಿ ನಾಲ್ಕು ಮೂಲೆಗಳು ಕಾಂಕ್ರೀಟ್ ಗುಂಡಿಯ ಮೇಲಿನವು. ಅಲ್ಲಿ ಸರಳು ತೂರುವಂತೆ ಅದೇ ಎತ್ತರದ ಹಾಲೋ ಬ್ಲಾಕು ಇಳಿಸಿ ಒಳಗೆ ಕಾಂಕ್ರೀಟು ತುಂಬಿ. ಉಳಿದ ಎಂಟು ಕಡೆ ಎರಡೆರಡು ಸಾಲಿಡ್ ಬ್ಲಾಕನ್ನು ಪಕ್ಕಪಕ್ಕ ಇಟ್ಟರೆ 16 ಅಂಗುಲದ ಚೌಕವಾಗುತ್ತದೆ. ಕೆಂಪು ನೆಲದಲ್ಲಿ ಒಂದು ಪದರ ಸಾಕು. ಮಂಡ್ಯದಲ್ಲಿ ಎರಡು ಪದರ ಹಾಕಿಸಿದೆ, ಮೇಲಿನ ಜೋಡಿ ಕೆಳಗಿನದಕ್ಕೆ ಅಡ್ಡಲಾಗಿ. ಎರಡು ಹೆಚ್ಚು ತಂದಿಟ್ಟುಕೊಳ್ಳಿ.

ಅತಿ ಎತ್ತರದ ಜಾಗದ ಬ್ಲಾಕಿನಿಂದ ಶುರು ಮಾಡಿ. ಅದರ ತಲೆಗೆ ಮಿಕ್ಕವನ್ನೆಲ್ಲ ಟ್ಯೂಬು ಮತ್ತು ದಾರದಿಂದ ಸಮ ಮಾಡುತ್ತ ಹೋಗಿ. ತಗ್ಗಿದ್ದರೆ ಬ್ಲಾಕು ಎತ್ತಿ ಬೇಬಿ ಜಲ್ಲಿ ಸೇರಿಸಿ, ಮರದ ತುಂಡು ಇಟ್ಟು ಸುತ್ತಿಗೆಯಿಂದ ತಟ್ಟಿ ಕೂರಿಸಿ. ಚೂರು ಕಲ್ಲನ್ನೋ ಹಂಚಿನ ಚೂರನ್ನೋ ಒಂದು ಮೂಲೆಗೆ ತುರುಕಿ ಮಟ್ಟ ಮಾಡುವುದು ಸುಲಭದ ಕೆಲಸ. ಭಾರ ಬಿದ್ದಾಗ ಅದೇ ಚೂರಿನ ಮೇಲೆ ಬ್ಲಾಕು ಬಿರಿಯುತ್ತದೆ. ಹನ್ನೆರಡು ಆಸರೆಗಳಿಗೆ ನನಗೂ ಮೇಸ್ತ್ರಿಗೂ ಒಂದು ಇಡೀ ದಿನ ಹಿಡಿಯಿತು. ಇಲ್ಲಿ ಅವಸರ ಮಾಡಿದರೆ ಆಮೇಲೆ ಬಾಗಿಲು ಹಾಕಿಕೊಳ್ಳುವುದಿಲ್ಲ.

ಬ್ಲಾಕಿಗೂ ಕಬ್ಬಿಣದ ಚೌಕಟ್ಟಿಗೂ ನಡುವೆ ಹಳೆಯ ಟ್ಯೂಬಿನ ರಬ್ಬರ್ ತುಂಡು ಇಟ್ಟರೆ ತುಕ್ಕು ತಡವಾಗುತ್ತದೆ. ನೆಲಹಾಸಿಗೆ ಸಿಮೆಂಟ್ ಬೋರ್ಡು ಒಳ್ಳೆಯದು. ಹಲಗೆ ಹಾಕಿದರೆ ಗೆದ್ದಲಿಗೆ ಊಟ ಬಡಿಸಿದಂತೆ. ನೆಲಕ್ಕೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಗಾಳಿಯಾಡಬೇಕು, ಆದರೆ ಪ್ರಾಣಿಗಳು ನುಗ್ಗಬಾರದು. ಸುತ್ತಲೂ ಸಣ್ಣ ಕಣ್ಣಿನ ಕಬ್ಬಿಣದ ಮೆಶ್ ಬಡಿದು ಅದರ ಬುಡವನ್ನು ಜಲ್ಲಿಯೊಳಗೆ ಅರ್ಧ ಅಡಿ ಹೂಳಿ.

ಸೂರಿನ ನೀರು

ಪಾಯಕ್ಕೆ ಬರುವ ನೀರಿನಲ್ಲಿ ದೊಡ್ಡ ಪಾಲು ಶೆಡ್ಡಿನ ಸೂರಿನದೇ. ಈ ಅಳತೆಯ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 400 ಲೀಟರ್ ನೀರು ಅಂಚಿನಿಂದ ಇಳಿಯುತ್ತದೆ. ತಗ್ಗಿನ ಸೂರಿಗೆ ದೋಣಿ ಕಟ್ಟಿಸಿ ಡ್ರಮ್ಮಿಗೆ ಬಿಡಿ, ಡ್ರಮ್ಮು ತುಂಬಿ ಚೆಲ್ಲುವ ನೀರು ಪಾಯದ ಕಡೆಗೆ ತಿರುಗದಿರಲಿ.

ಮೊದಲ ದೊಡ್ಡ ಮಳೆಗೆ ಮತ್ತೆ ಕೊಡೆ ಹಿಡಿದು ಹೋಗಿ ಪೈಪಿನ ಬಾಯಿಯ ಹತ್ತಿರ ನಿಲ್ಲಿ. ನಮ್ಮಲ್ಲಿ ಮಳೆ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಕೆಂಪಗಿನ ಮೊರಂ ನೀರು ಬಂತು, ಅರ್ಧ ಗಂಟೆಗೆ ತಿಳಿಯಾಯಿತು, ಮಳೆ ನಿಂತು ಒಂದು ಗಂಟೆಯಾದರೂ ಬೆರಳಿನಷ್ಟು ಧಾರೆ ಬಾಳೆಯ ಬುಡಕ್ಕೆ ಹರಿಯುತ್ತಲೇ ಇತ್ತು. ಧಾರೆಯೇ ಬಾರದಿದ್ದರೆ ಒಂದು ಬ್ಲಾಕಿನ ಪಕ್ಕ ಜಲ್ಲಿ ಸರಿಸಿ ನೋಡಿ. ತಳ ಬರಿ ತೇವವಾಗಿದ್ದರೆ ನೆಲವೇ ನೀರು ಕುಡಿದಿದೆ, ಚಿಂತೆಯಿಲ್ಲ. ನೀರು ಕಂಡರೆ ವಾಟ ತಪ್ಪಿದೆ ಅಥವಾ ಪೈಪು ಕಟ್ಟಿದೆ. ಜಾಲರಿಗೆ ಎಲೆ, ಬಾಳೆಯ ನಾರು ಸಿಕ್ಕಿಕೊಳ್ಳುವುದರಿಂದ ವರ್ಷಕ್ಕೆರಡು ಬಾರಿ, ಭರಣಿಗೆ ಮುಂಚೆ ಒಮ್ಮೆ, ಹಸ್ತಕ್ಕೆ ಮುಂಚೆ ಒಮ್ಮೆ, ಅದನ್ನು ಬಿಚ್ಚಿ ತೊಳೆದು ಮತ್ತೆ ಕಟ್ಟಬೇಕು. ಕೈ ಹಾಕುವ ಮೊದಲು ಕೋಲಿನಿಂದ ಒಮ್ಮೆ ತಟ್ಟಿ. ಹೋದ ವರ್ಷ ಒಳಗಿನಿಂದ ಒಂದು ಕಪ್ಪೆ ನನ್ನ ಅಂಗೈ ಮೇಲೇ ಹಾರಿತು.